ಅಮೆರಿಕದ ಎರಡನೇ ಮಹಾಯುದ್ಧದ ಕಾಲದ ವಾರ್ ಬಾಂಡ್ ಸಿಕ್ಕಿವೆ, ಹಣ ಪಡೆಯೋದು ಹೇಗೆ?

ನವಿಲುಗರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಅಮೆರಿಕದವರು. ಅವರ ತಾಯಿಯ ಕಡೆಯ ಅಜ್ಜ-ಅಜ್ಜಿಯ ಹಳೇ ಕಾಗದಪತ್ರಗಳಲ್ಲಿ 17 ವಾರ್ ಬಾಂಡ್ (ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಸಾಲ ಪಡೆದು ಕೊಟ್ಟ ಪತ್ರ) ಸಿಕ್ಕಿವೆ. ಎಲ್ಲವೂ 1943ರಿಂದ 1945ರೊಳಗಿನವು. 25 ಡಾಲರಿನವು 14, 50 ಡಾಲರಿನವು ಎರಡು, 100 ಡಾಲರಿನದು ಒಂದು.

25ರ ಬಾಂಡ್‌ಗಳ ಮೇಲೆ ಅಜ್ಜ, ಅಜ್ಜಿ ಇಬ್ಬರ ಹೆಸರೂ ಇದೆ. ಎರಡು ಹೆಸರಿನ ನಡುವೆ ಇಂಗ್ಲಿಷಿನ ‘ಆರ್’ (ಅಥವಾ) ಅಂತ ಟೈಪ್ ಆಗಿದೆ. 50ರವುಗಳಲ್ಲಿ ಮೊದಲು ಅಜ್ಜಿಯ ಹೆಸರು, ಕೆಳಗೆ ‘ಪಿ.ಒ.ಡಿ.’ ಅಂತ ಹಾಕಿ ನಮ್ಮ ಅತ್ತೆಯವರ ಹೆಸರು. 100ರದ್ದು ಅಜ್ಜ ಒಬ್ಬರ ಹೆಸರಿನಲ್ಲಿದೆ.

ಅಜ್ಜ 1979ರಲ್ಲಿ, ಅಜ್ಜಿ 1996ರಲ್ಲಿ ತೀರಿಕೊಂಡರು. ಅವರಿಗೆ ಇಬ್ಬರು ಮಕ್ಕಳು. ಅತ್ತೆ ಇದ್ದಾರೆ. ಅವರ ತಮ್ಮ ಈಗಿಲ್ಲ, ತಮ್ಮನಿಗೆ ಇಬ್ಬರು ಮಕ್ಕಳಿದ್ದಾರೆ.

ಬ್ಯಾಂಕಿನಲ್ಲಿ ಕೇಳಿದರೆ ಇದನ್ನು ನಾವು ಮುಟ್ಟುವುದಿಲ್ಲ ಅಂದರು. ಹಳೇ ವಸ್ತು ಸಂಗ್ರಹಿಸುವವರಿಗೆ ಮಾರಿಬಿಡಿ ಅಂತ ಇನ್ನೊಬ್ಬರ ಸಲಹೆ. ನಿಜಕ್ಕೂ ಇವಕ್ಕೆ ಈಗ ಬೆಲೆ ಇದೆಯಾ? ಹಣ ಯಾರಿಗೆ ಸೇರಬೇಕು, ಯಾವ ಫಾರ್ಮ್ ತುಂಬಬೇಕು? ಒಂದು ಬಾಂಡಿನ ಮೂಲೆ ಹರಿದಿದೆ, ಟೇಪ್ ಅಂಟಿಸಬಹುದಾ?

ಖಜಾನೆಕೀಲಿ

ಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹರಿದ ಚೂರು ಇದ್ದರೆ ಬಾಂಡಿನ ಜೊತೆಗೇ ಒಂದು ಲಕೋಟೆಯಲ್ಲಿಡಿ. ಹೆಸರು, ತಿಂಗಳು-ವರ್ಷ, ಕ್ರಮಸಂಖ್ಯೆ ಓದಲು ಬಂದರೆ ಮೂಲೆ ಹರಿದದ್ದು ಅಡ್ಡಿಯಾಗುವುದಿಲ್ಲ. ಮೊದಲ ಕೆಲಸವಾಗಿ ಎಲ್ಲ ಬಾಂಡ್‌ಗಳ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮುಂದೆ ಅಂಚೆಯಲ್ಲಿ ಏನಾದರೂ ಕಳೆದುಹೋದರೆ ಕ್ಲೇಮ್ ನಿಲ್ಲುವುದು ಆ ಕ್ರಮಸಂಖ್ಯೆಗಳ ಮೇಲೆ.

ಮಾರುವ ಯೋಚನೆ ಕೈಬಿಡಿ. ಇವು ಹೆಸರಿಗೆ ನೋಂದಣಿಯಾದ ಬಾಂಡ್‌ಗಳು, ಕೈಯಿಂದ ಕೈಗೆ ದಾಟುವಂಥವಲ್ಲ. ಕೊಂಡವನಿಗೆ ಸರ್ಕಾರ ಒಂದು ಸೆಂಟೂ ಕೊಡುವುದಿಲ್ಲ, ಅವನ ಕೈಲಿರುವುದು ಬರೀ ಚಿತ್ರ. ಹಕ್ಕು ಬಾಂಡ್ ಮೇಲೆ ಹೆಸರಿರುವವರಿಗೆ, ಅವರಿಲ್ಲದಿದ್ದರೆ ಅವರ ವಾರಸುದಾರರಿಗೆ. ಆ ಹಕ್ಕಿಗೆ ಕಾಲಮಿತಿ ಇಲ್ಲ. ಅಮೆರಿಕದ ಖಜಾನೆ ಇಲಾಖೆ, ಅಂದರೆ ಟ್ರೆಷರಿ, ಈಗಲೂ ಪೂರ್ತಿ ಹಣ ಕೊಡುತ್ತದೆ.

ಬೆಲೆ ತಿಳಿಯಲು ಮೊದಲು ಸೀರೀಸ್ ನೋಡಬೇಕು. ಯುದ್ಧಕಾಲದಲ್ಲಿ ಜನಸಾಮಾನ್ಯರು ಕೊಂಡದ್ದು ಹೆಚ್ಚಾಗಿ ‘ಇ’ ಸೀರೀಸ್. 1941ರ ಮೇ ತಿಂಗಳಲ್ಲಿ ಮಾರಾಟ ಶುರುವಾಗಿ 1980ರವರೆಗೆ ನಡೆಯಿತು. ಕೊಳ್ಳುವ ಬೆಲೆ ಮುಖಬೆಲೆಯ ಮುಕ್ಕಾಲು ಪಾಲು. 25 ಡಾಲರಿನ ಬಾಂಡಿಗೆ ಆಗ ಕೊಟ್ಟದ್ದು 18 ಡಾಲರ್ 75 ಸೆಂಟ್. ಹತ್ತು ವರ್ಷಕ್ಕೆ ಅದು 25 ಆಗುವ ಲೆಕ್ಕ. ಆಮೇಲೆ ಸರ್ಕಾರ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿತು. ಹೀಗಾಗಿ 1965ರ ನವೆಂಬರ್‌ವರೆಗಿನ ಇ ಬಾಂಡ್‌ಗಳಿಗೆ ಒಟ್ಟು 40 ವರ್ಷ ಬಡ್ಡಿ ಬೆಳೆಯಿತು, ಅಲ್ಲಿಂದೀಚೆಗಿನವಕ್ಕೆ 30 ವರ್ಷ. ನಿಮ್ಮ 1943ರ ಬಾಂಡ್ 1983ಕ್ಕೆ ನಿಂತಿದೆ, 1945ರದ್ದು 1985ಕ್ಕೆ. ಅಲ್ಲಿಂದ ಇವತ್ತಿನವರೆಗೆ ಒಂದು ಸೆಂಟೂ ಏರಿಲ್ಲ. ಆದರೂ ಕೈಗೆ ಬರುವುದು ಮುಖಬೆಲೆಯ ಹಲವು ಪಟ್ಟು. ಇನ್ನು ತಡಮಾಡಿದರೆ ನಷ್ಟ ನಿಮಗೇ, ಬೆಲೆ ನಿಂತ ಹಣವನ್ನು ಹಣದುಬ್ಬರ ತಿನ್ನುತ್ತಲೇ ಇರುತ್ತದೆ.

ನಿಖರ ಮೊತ್ತಕ್ಕೆ ಟ್ರೆಷರಿಡೈರೆಕ್ಟ್ ಜಾಲತಾಣದಲ್ಲಿ ಸೇವಿಂಗ್ಸ್ ಬಾಂಡ್ ಕ್ಯಾಲ್ಕ್ಯುಲೇಟರ್ ಇದೆ. ಸೀರೀಸ್, ಮುಖಬೆಲೆ, ತಿಂಗಳು-ವರ್ಷ ಹಾಕಿ. ಇಲ್ಲಿ ತುಂಬಾ ಜನ ಎಡವುವುದು ದಿನಾಂಕದಲ್ಲಿ. ಬಾಂಡಿನ ಬಲ ಮೇಲ್ಭಾಗದಲ್ಲಿರುವ ತಿಂಗಳು-ವರ್ಷವೇ ಲೆಕ್ಕಕ್ಕೆ ಬರುವುದು. ಕೆಳಗೆ ಮಾರಿದ ಸಂಸ್ಥೆ ಒತ್ತಿದ ದುಂಡು ಮುದ್ರೆಯಲ್ಲಿ ಬೇರೆ ದಿನಾಂಕ ಇರಬಹುದು, ಅದನ್ನು ಹಾಕಬೇಡಿ. ಫಲಿತಾಂಶದ ಪಕ್ಕ ‘ಎಂಎ’ ಅಂತ ಬಂದರೆ ಅವಧಿ ಮುಗಿದಿದೆ ಎಂದರ್ಥ. ಇನ್ನೊಂದು ಮಾತು: ಆ ಕ್ಯಾಲ್ಕ್ಯುಲೇಟರ್ ಲೆಕ್ಕ ಹಾಕುತ್ತದೆಯೇ ಹೊರತು ಆ ಬಾಂಡ್ ಈಗಾಗಲೇ ನಗದಾಗಿದೆಯೋ ಇಲ್ಲವೋ ಹೇಳುವುದಿಲ್ಲ. ಕ್ರಮಸಂಖ್ಯೆ ಹಾಕಿದರೂ ಅಷ್ಟೇ.

ನಿಮ್ಮ 17ರಲ್ಲಿ ಎಲ್ಲವೂ ಇ ಸೀರೀಸೇ ಅಂತ ಇನ್ನೊಮ್ಮೆ ನೋಡಿ. ಕ್ರಮಸಂಖ್ಯೆಯ ಕೊನೆಯ ಅಕ್ಷರವೇ ಸೀರೀಸ್ ಹೇಳುತ್ತದೆ. 100ರ ಬಾಂಡ್ ಬಗ್ಗೆ ನನಗೆ ಅನುಮಾನ.

ವಾರಸುಪಟ್ಟಿ

ಮೇಡಂ, ಹೆಸರು ಬರೆದಿರುವ ರೀತಿ ಮೂರು ಥರ ಇದೆ, ಆದ್ದರಿಂದ ಬಾಂಡ್‌ಗಳನ್ನು ಮೂರು ಗುಂಪು ಮಾಡಿ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಪೂರ್ತಿ ಕಟ್ಟು ವಾಪಸ್ ಬರತ್ತೆ.

ಸುಲಭದ್ದು ಮೊದಲು. ಪಿ.ಒ.ಡಿ. ಅಂದರೆ ಮಾಲೀಕರು ತೀರಿಕೊಂಡ ಮೇಲೆ ಇಂಥವರಿಗೆ ಕೊಡಿ ಅಂತ. ನಮ್ಮಲ್ಲಿ ನಾಮಿನಿ ಅಂತೀವಲ್ಲ, ಹೆಚ್ಚುಕಡಿಮೆ ಆ ಥರ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಆ ವ್ಯಕ್ತಿ ಬೇರೆಯವರ ಪರವಾಗಿ ಹಣ ಹಿಡಿದುಕೊಳ್ಳುವವರಲ್ಲ, ತಾವೇ ಪೂರ್ತಿ ಮಾಲೀಕರಾಗ್ತಾರೆ. ಅಜ್ಜಿ 1996ರಲ್ಲಿ ತೀರಿಕೊಂಡ ಕ್ಷಣದಿಂದ ಆ ಎರಡು 50ರ ಬಾಂಡ್ ನಿಮ್ಮ ಅತ್ತೆಯವರವು. ತಮ್ಮನ ಮಕ್ಕಳಿಗೆ ಅದರಲ್ಲಿ ಪಾಲಿಲ್ಲ. ಅತ್ತೆ ಟ್ರೆಷರಿಯ ಎಫ್‌ಎಸ್ ಫಾರ್ಮ್ 1522 (ಹಣ ಕೋರುವ ಅರ್ಜಿ) ತುಂಬಿ, ಅಜ್ಜಿಯ ಮರಣ ಪ್ರಮಾಣಪತ್ರದ ದೃಢೀಕೃತ ಪ್ರತಿ ಜೊತೆಗಿಟ್ಟು ಕಳಿಸಿದರೆ ಆಯಿತು. ಬಾಂಡಿನಲ್ಲಿ ಅವರ ಮದುವೆಗೆ ಮುಂಚಿನ ಹೆಸರು ಇರಬೇಕು, 1940ರ ದಶಕದಲ್ಲಿ ಅವರು ಮಗು ತಾನೇ. ಹಾಗಿದ್ದರೆ ಮದುವೆ ಪ್ರಮಾಣಪತ್ರವೂ ಬೇಕು. ಹಳೇ ಹೆಸರಿಗೂ ಹೊಸ ಹೆಸರಿಗೂ ಕೊಂಡಿ ಹಾಕುವ ಕಾಗದ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲತ್ತೆ.

ಎರಡನೇ ಗುಂಪು, ‘ಆರ್’ ಇರುವ 14 ಬಾಂಡ್. ಇದು ಜಂಟಿ ಮಾಲೀಕತ್ವ. ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರೇ ಪೂರ್ತಿ ಮಾಲೀಕರು. ಹಾಗಾಗಿ 1979ರಿಂದ ಅವು ಅಜ್ಜಿಯವು, 1996ರಿಂದ ಅಜ್ಜಿಯ ಆಸ್ತಿಯ ಭಾಗ. ಯಾರು ಕೊನೆಗೆ ತೀರಿಕೊಂಡರು ಅನ್ನೋದೇ ಇಲ್ಲಿ ನಿರ್ಣಾಯಕ, ಆದ್ದರಿಂದ ಇಬ್ಬರ ಮರಣ ಪ್ರಮಾಣಪತ್ರವೂ ಬೇಕು. ಅಜ್ಜಿಯದು ಮಾತ್ರ ಕಳಿಸಿದರೆ ಸಾಲದು. ಜೆರಾಕ್ಸ್ ನಡೆಯಲ್ಲ, ಕಳಿಸಿದ ದಾಖಲೆ ವಾಪಸ್ಸೂ ಕೊಡಲ್ಲ. ಎರಡು ಮೂರು ದೃಢೀಕೃತ ಪ್ರತಿ ಒಟ್ಟಿಗೇ ತರಿಸಿಕೊಳ್ಳೋದು ಒಳ್ಳೇದು.

ಇದಕ್ಕೆ ಎಫ್‌ಎಸ್ ಫಾರ್ಮ್ 5336. ಇದಕ್ಕೆರಡು ಷರತ್ತು: ಅಜ್ಜಿಯ ಆಸ್ತಿ ಯಾವತ್ತೂ ಕೋರ್ಟ್ ಮೂಲಕ ಇತ್ಯರ್ಥ ಆಗಿರಬಾರದು, ಮುಂದೆ ಆಗುವಂತೆಯೂ ಇರಬಾರದು. ಅವರ ಹೆಸರಿನ ಎಲ್ಲ ಟ್ರೆಷರಿ ಬಾಂಡ್‌ಗಳ ಒಟ್ಟು ಮೌಲ್ಯ 1,00,000 ಡಾಲರ್ ದಾಟಿರಬಾರದು. ನಿಮ್ಮದು ಅದರ ಹತ್ತಿರಕ್ಕೂ ಬರಲ್ಲ. ಕುಟುಂಬದ ಒಬ್ಬರು ಸ್ವಯಂ ಪ್ರತಿನಿಧಿ ಆಗಿ ಸಹಿ ಹಾಕ್ತಾರೆ. ಯಾರು ಆಗಬಹುದು ಅನ್ನೋದಕ್ಕೆ ಕ್ರಮ ಇದೆ, ಮೊದಲು ಬದುಕಿರುವ ಗಂಡ ಅಥವಾ ಹೆಂಡತಿ, ಅವರಿಲ್ಲದಿದ್ದರೆ ಮಕ್ಕಳು. ಇಲ್ಲಿ ಅತ್ತೆಯವರೇ ಸೂಕ್ತ. ಪ್ರತಿನಿಧಿ ಆದ ಮಾತ್ರಕ್ಕೆ ಹಣವೆಲ್ಲ ಅವರದ್ದಲ್ಲ. ಕಾನೂನಿನಂತೆ ಹಂಚುವ ಹೊಣೆ ಅವರ ತಲೆಮೇಲೆ. ಸಾಮಾನ್ಯವಾಗಿ ತೀರಿಹೋದ ಮಗನ ಪಾಲು ಅವನ ಮಕ್ಕಳಿಗೆ ಇಳಿಯತ್ತೆ: ಅತ್ತೆಗೆ ಅರ್ಧ, ತಮ್ಮನ ಇಬ್ಬರು ಮಕ್ಕಳಿಗೆ ಕಾಲು ಕಾಲು. ಅಜ್ಜಿ ವಿಲ್ ಬರೆದಿದ್ದರೆ ಅಥವಾ ಅವರಿದ್ದ ರಾಜ್ಯದ ನಿಯಮ ಬೇರೆ ಇದ್ದರೆ ಈ ಲೆಕ್ಕ ಬದಲಾಗಬಹುದು. ಸಹಿ ಹಾಕುವ ಮುಂಚೆ ಆ ಇಬ್ಬರಿಗೂ ವಿಷಯ ತಿಳಿಸಿ. ಸಣ್ಣ ಮೊತ್ತಕ್ಕೆ ಸಂಬಂಧ ಹಾಳಾಗೋದು ಇಂಥಲ್ಲೇ.

ಮೂರನೇ ಗುಂಪು ಅಜ್ಜ ಒಬ್ಬರ ಹೆಸರಿನ 100ರದ್ದು. ಅದು ಅಜ್ಜನ ಆಸ್ತಿ, ಅಜ್ಜಿಯದಲ್ಲ. ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು 5336, ಹಾಗಾಗಿ ಇದಕ್ಕೆ ಬೇರೆ ಫಾರ್ಮ್ ತುಂಬಬೇಕು.

ನವಿಲುಗರಿ

ಇಬ್ಬರಿಗೂ ಧನ್ಯವಾದ. ಖಜಾನೆಕೀಲಿಯವರೇ, ನಿಮ್ಮ ಅನುಮಾನ ಸರಿ, 100ರದ್ದು ‘ಜಿ’ ಸೀರೀಸ್! ಅದೇ ಕಟ್ಟಿನಲ್ಲಿ ಒಂದು ಪುಟ್ಟ ಆಲ್ಬಮ್ ಕೂಡ ಇದೆ, ಒಳಗೆ 25 ಸೆಂಟಿನ ವಾರ್ ಸ್ಟ್ಯಾಂಪ್‌ಗಳು ಅಂಟಿಸಿವೆ, ಅರ್ಧ ಪುಟಗಳು ಖಾಲಿ. ಇನ್ನೊಂದು ವಿಚಿತ್ರ: 25ರ ಬಾಂಡ್‌ಗಳು ಒಂದು ತಿಂಗಳು ಬಿಟ್ಟು ಒಂದು ತಿಂಗಳಿನಂತೆ ಸಾಲಾಗಿವೆ, ಆದರೆ 1944ರಲ್ಲಿ ನಡುವೆ ಕೆಲವು ಇಲ್ಲ. ಅಜ್ಜ ಕಾರ್ಖಾನೆಯಲ್ಲಿದ್ದರಂತೆ.

ಅಜ್ಜಿಯ ಮನೆ ಮಾರುವಾಗ ಕೋರ್ಟಿಗೆ ಹೋಗಿದ್ದ ನೆನಪು ಅತ್ತೆಗಿದೆ, ಖಚಿತವಿಲ್ಲ.

ಖಜಾನೆಕೀಲಿ

ಜಿ ಸೀರೀಸ್ ಬೇರೆಯೇ ಜಾತಿ. ಇದನ್ನು ಪೂರ್ತಿ ಮುಖಬೆಲೆಗೇ ಮಾರುತ್ತಿದ್ದರು. ಬಡ್ಡಿ ವರ್ಷಕ್ಕೆ ಶೇ. 2.5, ಆರು ತಿಂಗಳಿಗೊಮ್ಮೆ ಚೆಕ್ ಮೂಲಕ ಮನೆಗೇ ಬರುತ್ತಿತ್ತು. ಅವಧಿ 12 ವರ್ಷ, ಇ ಸೀರೀಸಿನಂತೆ ವಿಸ್ತರಣೆ ಸಿಗಲಿಲ್ಲ. ಬಡ್ಡಿಯನ್ನು ಅಜ್ಜ ಆಗಲೇ ಪಡೆದಿರುತ್ತಾರೆ, ಈಗ ಬರುವುದು ಅಸಲು 100 ಡಾಲರ್ ಮಾತ್ರ. ಆ ನೂರಕ್ಕೆ ಬೇರೆ ಫಾರ್ಮ್, ಬೇರೆ ಪ್ರಮಾಣಪತ್ರದ ಖರ್ಚು ಹಿಡಿಸುತ್ತದೆಯೇ ಎಂದು ನೀವೇ ತೂಗಿ ನೋಡಿ. ಅಜ್ಜನ ಪ್ರಮಾಣಪತ್ರ ಹೇಗೂ ತರಿಸುತ್ತೀರಿ, ಇನ್ನೊಂದು ಪ್ರತಿ ಸೇರಿಸಿದರೆ ಮುಗಿಯುತ್ತದೆ. ನನ್ನ ಮಟ್ಟಿಗೆ ಮಾಡಿಬಿಡುವುದೇ ಸರಿ.

ಸ್ಟ್ಯಾಂಪ್ ಆಲ್ಬಮ್ ಅಂದರೆ ಬಾಂಡ್ ಕೊಳ್ಳಲು ಕೂಡಿಡುವ ಪುಸ್ತಕ. 10 ಸೆಂಟ್, 25 ಸೆಂಟ್ ಹೀಗೆ ಅಂಟಿಸುತ್ತಾ ಹೋಗಿ 18 ಡಾಲರ್ 75 ಸೆಂಟ್ ತುಂಬಿದಾಗ ಅದನ್ನೇ ಕೊಟ್ಟು 25ರ ಬಾಂಡ್ ಪಡೆಯುತ್ತಿದ್ದರು. ಸ್ಟ್ಯಾಂಪಿಗೆ ಬಡ್ಡಿ ಇಲ್ಲ, ಸರ್ಕಾರ ಕೊಡುವುದು ಮುಖಬೆಲೆಯಷ್ಟೇ. ಬಾಂಡ್‌ಗಿಂತ ಇದರ ಕತೆ ಬೇರೆ, ಇಲ್ಲಿ ಸಂಗ್ರಹಕಾರರು ಮುಖಬೆಲೆಗಿಂತ ಹೆಚ್ಚು ಕೊಡಬಹುದು. ಬಿಡಿಸಲು ಹೋಗಬೇಡಿ, ಆಲ್ಬಮ್ ಇದ್ದಂತೆಯೇ ಇರಲಿ.

ತಿಂಗಳ ಲೆಕ್ಕದಲ್ಲಿ ಬಾಂಡ್ ಸಾಲಾಗಿವೆ ಅಂದಿರಿ. ಸಂಬಳದಿಂದ ಪ್ರತಿ ಸಲ ಇಷ್ಟು ಅಂತ ಹಿಡಿದು, ಮೊತ್ತ ತುಂಬಿದಾಗ ಬಾಂಡ್ ಕೊಡುವ ಯೋಜನೆ ಆಗ ಕಾರ್ಖಾನೆಗಳಲ್ಲಿ ಮಾಮೂಲು. ನಡುವೆ ಬಿಟ್ಟುಹೋದ ತಿಂಗಳುಗಳ ಬಾಂಡ್ ಆಗಲೇ ನಗದಾಗಿರಬಹುದು, ಕಳೆದೂ ಹೋಗಿರಬಹುದು. ಸೋಶಿಯಲ್ ಸೆಕ್ಯೂರಿಟಿ ನಂಬರ್ (ಅಮೆರಿಕದಲ್ಲಿ ಪ್ರತಿಯೊಬ್ಬರಿಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಹಾಕಿ ಹುಡುಕಲು ಆಗುವುದಿಲ್ಲ, ಯುದ್ಧಕಾಲದ ಬಾಂಡ್‌ಗಳಲ್ಲಿ ಸಾಮಾನ್ಯವಾಗಿ ಆ ನಂಬರ್ ಇರುವುದಿಲ್ಲ. ಆದ್ದರಿಂದ ಎಫ್‌ಎಸ್ ಫಾರ್ಮ್ 1048 ತುಂಬಿ, ಕಾಗದದ ಮೇಲೆ ಹುಡುಕಿಸಬೇಕು. ಇದು ಕಳೆದ ಬಾಂಡ್‌ಗಳ ಕ್ಲೇಮ್ ಫಾರ್ಮ್. ಆದರೆ ಅಂತಿಮ ಅವಧಿ ಮುಗಿದು ಆರು ವರ್ಷ ದಾಟಿದ ಬಾಂಡಿಗೆ ನಿಯಮದ ಪ್ರಕಾರ ಕ್ರಮಸಂಖ್ಯೆ ಕೊಡಬೇಕು, ಆದ್ದರಿಂದ ಅದಿಲ್ಲದೆ ಹಣ ಸಿಗುವ ಖಾತ್ರಿ ಇಲ್ಲ. ಹುಡುಕಾಟಕ್ಕೆ ಅವರಿಗೆ ಬೇಕಾದದ್ದು ಆಗಿನ ಹೆಸರು, ಆಗಿನ ವಿಳಾಸ, ಸುಮಾರು ಯಾವ ತಿಂಗಳಿಂದ ಯಾವ ತಿಂಗಳವರೆಗೆ. ವಿಳಾಸ ಎಲ್ಲಿಂದ ತರಲಿ ಅನ್ನಬೇಡಿ, ಕೈಲಿರುವ ಬಾಂಡ್ ಮೇಲೆಯೇ ಟೈಪ್ ಆಗಿದೆ. ಹೆಸರನ್ನು ಅಲ್ಲಿರುವಂತೆಯೇ, ಮಧ್ಯದ ಇನಿಶಿಯಲ್ ಸಮೇತ ಬರೆಯಿರಿ. ಆ ಕಾಲದಲ್ಲಿ ಹೆಂಡತಿಯನ್ನು ಗಂಡನ ಹೆಸರಿನ ಮೊದಲಿಗೆ ‘ಮಿಸೆಸ್’ ಹಾಕಿ ಬರೆಯುವುದೂ ಇತ್ತು, ಹಾಗಾಗಿ ಆ ರೂಪವನ್ನೂ ಸೇರಿಸಿ ಹುಡುಕಲು ಕೇಳಿ.

ಇದಕ್ಕೆ ಇನ್ನೊಂದು ಮುಖವೂ ಇದೆ. ನಿಮ್ಮ ಕೈಲಿರುವ ಯಾವುದಾದರೂ ಬಾಂಡ್ ಕಳೆದಿದೆ ಎಂದು ಅಜ್ಜ-ಅಜ್ಜಿ ಹಿಂದೆಯೇ ದೂರು ಕೊಟ್ಟು ಹಣವನ್ನೋ ಬದಲಿ ಬಾಂಡನ್ನೋ ಪಡೆದಿದ್ದರೆ, ಈಗ ಸಿಕ್ಕ ಮೂಲ ಬಾಂಡ್ ಸರ್ಕಾರದ ಸ್ವತ್ತು. ಅದಕ್ಕೆ ಹಣ ಬರುವುದಿಲ್ಲ. ಕಳಿಸಿದಾಗಲೇ ಅದು ಗೊತ್ತಾಗುವುದು.

ವಾರಸುಪಟ್ಟಿ

ಕೋರ್ಟ್ ವಿಷಯ ಖಚಿತ ಮಾಡಿಕೊಳ್ಳದೆ 5336 ಕಳಿಸಬೇಡಿ. ಆಸ್ತಿಗೆ ಕೋರ್ಟ್ ಆಡಳಿತ ಆಗಿಲ್ಲ ಅಂತ ಆ ಫಾರ್ಮಿನಲ್ಲಿ ಸಹಿ ಹಾಕಿ ಹೇಳಬೇಕು. ಆಗಿದ್ದರೆ ಅದು ಸುಳ್ಳು ಹೇಳಿಕೆ ಆಗತ್ತೆ. ಅಜ್ಜಿ ಕೊನೆಗೆ ವಾಸವಿದ್ದ ಕೌಂಟಿಯ (ನಮ್ಮ ಜಿಲ್ಲೆಯ ಥರ) ಪ್ರೊಬೇಟ್ ಕೋರ್ಟ್, ಅಂದರೆ ತೀರಿಕೊಂಡವರ ಆಸ್ತಿ ಇತ್ಯರ್ಥ ಮಾಡುವ ಕೋರ್ಟಿನ ಕಚೇರಿಗೆ ಫೋನ್ ಮಾಡಿ ಹೆಸರು, ತೀರಿಕೊಂಡ ವರ್ಷ ಹೇಳಿ ಕೇಳಿ, ಕಡತ ಇದೆಯೋ ಇಲ್ಲವೋ ಹೇಳ್ತಾರೆ.

ಕಡತ ಇದ್ದು, ಆಸ್ತಿ ಹಂಚಿ ಮುಚ್ಚಿದ್ದರೆ ಎಫ್‌ಎಸ್ ಫಾರ್ಮ್ 5394 ದಾರಿ. ಇದರಲ್ಲಿ ಒಬ್ಬ ಪ್ರತಿನಿಧಿ ಸಹಿ ಸಾಲದು, ಹಕ್ಕುದಾರರೆಲ್ಲ ಒಪ್ಪಿ ಸಹಿ ಹಾಕಬೇಕು. ಕಡತ ಇನ್ನೂ ತೆರೆದೇ ಇದ್ದರೆ ಕೋರ್ಟ್ ನೇಮಿಸಿದ ಎಕ್ಸಿಕ್ಯೂಟರ್ (ಆಸ್ತಿ ನೋಡಿಕೊಳ್ಳುವವರು) ಮೂಲಕ ಹೋಗಬೇಕು, ಅವರ ನೇಮಕ ಪತ್ರ ಹಳೇದಾಗಿರಬಾರದು, ಈಗಲೂ ಜಾರಿಯಲ್ಲಿದೆ ಅಂತ ಕೋರ್ಟ್ ಮುದ್ರೆ ಸಮೇತ ಹೊಸ ಪ್ರತಿ ತೆಗೆಸಬೇಕು. ಪಿ.ಒ.ಡಿ. ಬಾಂಡ್‌ಗಳಿಗೆ ಈ ಯಾವ ತಲೆನೋವೂ ಇಲ್ಲ, ಅವು ಆಸ್ತಿಯ ಲೆಕ್ಕಕ್ಕೇ ಬರಲ್ಲ. ಕೋರ್ಟ್ ಉತ್ತರಕ್ಕೆ ಕಾಯದೆ ಅವನ್ನು ಈಗಲೇ ಕಳಿಸಿಬಿಡಿ.

ಕೌಂಟರ್‌ನಂಬರ್ಮೂರು

ಬ್ಯಾಂಕಿನವರು ಮುಟ್ಟಲ್ಲ ಅಂದದ್ದರಲ್ಲಿ ತಪ್ಪಿಲ್ಲ. ಬಾಂಡ್ ನಗದು ಮಾಡಿಕೊಡಲೇಬೇಕು ಅನ್ನುವ ಕಟ್ಟುಪಾಡು ಬ್ಯಾಂಕಿಗಿಲ್ಲ. ವಾರಸುದಾರರ ಕೇಸ್ ಅಂತೂ ನೇರವಾಗಿ ಟ್ರೆಷರಿಗೇ ಹೋಗಬೇಕು. ಬ್ಯಾಂಕಿನಿಂದ ನಿಮಗೆ ಬೇಕಾಗಿರುವುದು ಬೇರೆ: ಸಹಿ ದೃಢೀಕರಣ.

ಮೊತ್ತ 1,000 ಡಾಲರ್ ಒಳಗಿದ್ದರೆ 1522ಕ್ಕೆ ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್ ಪ್ರತಿ ಸಾಕು. ಅತ್ತೆಯವರ ಎರಡು ಬಾಂಡ್ ಆ ಮಿತಿಯೊಳಗೇ ಇರುತ್ತವೆ. 5336ಕ್ಕೆ ಬ್ಯಾಂಕಿಗೆ ಹೋಗಿ, ಸಹಿ ದೃಢೀಕರಿಸುವ ಅಧಿಕಾರ ಇರುವವರ ಎದುರಲ್ಲೇ ಸಹಿ ಹಾಕಿ, ಅವರ ‘ಸಿಗ್ನೇಚರ್ ಗ್ಯಾರಂಟಿ’ ಮುದ್ರೆ ಹಾಕಿಸಿಕೊಳ್ಳಿ. ಮನೆಯಲ್ಲೇ ಸಹಿ ಹಾಕಿಕೊಂಡು ಹೋದರೆ ಆ ಫಾರ್ಮ್ ದಂಡ. ಕಣ್ಣೆದುರು ಹಾಕದ ಸಹಿಗೆ ಯಾವ ಅಧಿಕಾರಿಯೂ ಮುದ್ರೆ ಒತ್ತುವುದಿಲ್ಲ, ಹೊಸ ಫಾರ್ಮ್ ತುಂಬಿ ಮತ್ತೆ ಹೋಗಬೇಕಾಗುತ್ತದೆ. ಎಲ್ಲ ಶಾಖೆಯಲ್ಲೂ ಆ ಅಧಿಕಾರಿ ಇರುವುದಿಲ್ಲ, ಆದ್ದರಿಂದ ಅತ್ತೆಯವರ ಖಾತೆ ಇರುವ ಬ್ಯಾಂಕಿಗೆ ಮೊದಲೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ವಯಸ್ಸಾದವರನ್ನು ಸುಮ್ಮನೆ ಅಲೆಸುವುದು ತಪ್ಪುತ್ತದೆ.

ಬಾಂಡಿನ ಹಿಂದೆ ಹಣ ಪಡೆಯುವ ಕೋರಿಕೆ, ಸಹಿಗೆ ಜಾಗ ಅಚ್ಚಾಗಿದೆ. ಅಲ್ಲಿ ಏನೂ ಬರೆಯಬೇಡಿ. ಫಾರ್ಮ್ ಪ್ರತ್ಯೇಕ ಇರುವುದೇ ಅದಕ್ಕೆ.

ಹಣ ಬರುವುದು ನೇರವಾಗಿ ಬ್ಯಾಂಕ್ ಖಾತೆಗೆ. ಫಾರ್ಮಿನಲ್ಲಿ ಒಂಬತ್ತು ಅಂಕಿಯ ರೌಟಿಂಗ್ ನಂಬರ್ (ಬ್ಯಾಂಕನ್ನು ಗುರುತಿಸುವ ಸಂಖ್ಯೆ), ಖಾತೆ ಸಂಖ್ಯೆ, ಅದು ಚೆಕ್ಕಿಂಗೋ ಸೇವಿಂಗ್ಸೋ ಅನ್ನುವುದು ಸ್ಪಷ್ಟವಾಗಿರಲಿ. ರೌಟಿಂಗ್ ನಂಬರನ್ನು ಠೇವಣಿ ಚೀಟಿಯಿಂದ ಬರೆಯಬೇಡಿ, ಕೆಲವು ಬ್ಯಾಂಕ್‌ಗಳಲ್ಲಿ ಅದರ ಮೇಲೆ ಬೇರೆ ನಂಬರ್ ಇರುತ್ತದೆ. ಚೆಕ್ ಹಾಳೆ ನೋಡಿ ಬರೆಯಿರಿ.

ಕಳಿಸುವ ವಿಳಾಸ ಫಾರ್ಮಿನಲ್ಲೇ ಇದೆ, ಮಿನಿಯಾಪೊಲಿಸ್‌ನ ಅಂಚೆಪೆಟ್ಟಿಗೆ. ಪೋಸ್ಟ್ ಬಾಕ್ಸ್ ಆದ್ದರಿಂದ ಖಾಸಗಿ ಕೊರಿಯರ್ ಬೇಡ, ಅಂಚೆ ಕಚೇರಿಯಿಂದ ರಿಜಿಸ್ಟರ್ಡ್ ಅಥವಾ ಸರ್ಟಿಫೈಡ್ ಮೇಲ್ ಮಾಡಿ ರಸೀದಿ ಇಟ್ಟುಕೊಳ್ಳಿ. ಸ್ಟೇಪಲ್ ಹೊಡೆಯಬೇಡಿ. ಮೇಲೊಂದು ಪಟ್ಟಿ ಇಡಿ, ಪ್ರತಿ ಬಾಂಡಿನ ಸೀರೀಸ್, ಮುಖಬೆಲೆ, ತಿಂಗಳು-ವರ್ಷ, ಕ್ರಮಸಂಖ್ಯೆ ಬರೆದು. ಕ್ರಮಸಂಖ್ಯೆ ಬರೆಯುವಾಗ ಮೊದಲ ಮತ್ತು ಕೊನೆಯ ಅಕ್ಷರ ಬಿಡಬೇಡಿ. 25ರ ಇ ಬಾಂಡಿನದು ‘ಕ್ಯೂ’ದಿಂದ ಶುರುವಾಗಿ ‘ಇ’ಯಲ್ಲಿ ಮುಗಿಯುತ್ತದೆ, 50ರದ್ದು ‘ಎಲ್’ನಿಂದ. ಕಳಿಸಿದ ಮೇಲೆ ತಾಳ್ಮೆ ಬೇಕು, ವಾರಸುದಾರರ ಕೇಸ್ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಧ್ಯೆ ಅದೇ ಅರ್ಜಿಯನ್ನು ಎರಡನೇ ಸಲ ಕಳಿಸಿ ಗೊಂದಲ ಮಾಡಬೇಡಿ.

ಲೆಕ್ಕದಪುಸ್ತಕ

ತೆರಿಗೆ ಮಾತು ಯಾರೂ ಎತ್ತಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೊಂಡ ಬೆಲೆ ಬಿಟ್ಟು ಉಳಿದದ್ದೆಲ್ಲ ಬಡ್ಡಿ. 14 ಬಾಂಡಿಗೆ ಆಗ ಕೊಟ್ಟದ್ದು 262 ಡಾಲರ್ 50 ಸೆಂಟ್. ಬಂದ ಹಣದಲ್ಲಿ ಅಷ್ಟನ್ನು ಕಳೆದರೆ ಉಳಿಯುವುದಕ್ಕೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಆದಾಯ ತೆರಿಗೆ. ರಾಜ್ಯದ ಆದಾಯ ತೆರಿಗೆ ಇಲ್ಲ, ಆದರೆ ರಾಜ್ಯದ ರಿಟರ್ನ್‌ನಲ್ಲಿ ಅದನ್ನು ನೀವಾಗಿ ಕಳೆದು ತೋರಿಸಬೇಕು. ಈ ಸಾಲನ್ನು ಮರೆತು ಸುಮ್ಮನೆ ತೆರಿಗೆ ಕಟ್ಟುವವರು ಬಹಳ.

ನಿಯಮದ ಪ್ರಕಾರ ಇ ಬಾಂಡಿನ ಬಡ್ಡಿಯನ್ನು ನಗದಾದ ವರ್ಷ ಅಥವಾ ಅಂತಿಮ ಅವಧಿ ಮುಗಿದ ವರ್ಷ, ಯಾವುದು ಮೊದಲೋ ಆಗ ತೋರಿಸಬೇಕಿತ್ತು. ನಿಮ್ಮಲ್ಲಿ ಅದು 1983ರಿಂದ 1985, ಅಂದರೆ ಅಜ್ಜಿ ಬದುಕಿದ್ದ ಕಾಲ. ಆದರೆ ಟ್ರೆಷರಿ 1099-ಐಎನ್‌ಟಿ (ಬಡ್ಡಿ ಆದಾಯದ ವಿವರಪತ್ರ) ಹೊರಡಿಸುವುದು ಈಗ ಹಣ ಕೊಟ್ಟ ವರ್ಷಕ್ಕೆ, ಹಣ ಪಡೆದವರ ಸೋಶಿಯಲ್ ಸೆಕ್ಯೂರಿಟಿ ನಂಬರಿಗೆ. ಅದರ ಪ್ರತಿ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ಗೂ ಹೋಗಿರುತ್ತದೆ. ಅದನ್ನು ಬಿಟ್ಟು ರಿಟರ್ನ್ ಸಲ್ಲಿಸಿದರೆ ನೋಟಿಸ್ ಖಂಡಿತ. ಇಷ್ಟು ಸಣ್ಣ ಮೊತ್ತಕ್ಕೆ 40 ವರ್ಷದ ಹಿಂದಿನ ಲೆಕ್ಕ ಕೆದಕುವುದಕ್ಕಿಂತ ಬಂದ ವರ್ಷವೇ ತೋರಿಸುವುದು ನೆಮ್ಮದಿ. ಸಾವಿರಾರು ಡಾಲರಿನ ಬಾಂಡ್ ಇರುವವರು ಮಾತ್ರ ತೆರಿಗೆ ಸಲಹೆಗಾರರ ಹತ್ತಿರ ಈ ಪ್ರಶ್ನೆ ಬಿಡಿಸಿ ಕೇಳಬೇಕು.

ಇದಕ್ಕೆ ಸೇರಿದ ಒಂದು ಸೂಕ್ಷ್ಮ. ಅತ್ತೆ ಪ್ರತಿನಿಧಿಯಾಗಿ ಪೂರ್ತಿ ಹಣ ತಮ್ಮ ಖಾತೆಗೆ ಪಡೆದರೆ ಪೂರ್ತಿ ಬಡ್ಡಿ ಅವರ ಆದಾಯದಂತೆ ದಾಖಲಾಗುತ್ತದೆ. ಅರ್ಧವನ್ನು ತಮ್ಮನ ಮಕ್ಕಳಿಗೆ ಕೊಟ್ಟಮೇಲೆ, ರಿಟರ್ನಿನ ಬಡ್ಡಿ ವಿವರದ ಹಾಳೆಯಾದ ಶೆಡ್ಯೂಲ್ ಬಿ-ಯಲ್ಲಿ ‘ನಾಮಿನಿ’ ಹಂಚಿಕೆ ಎಂದು ಅಷ್ಟನ್ನು ಕಳೆದು, ಅವರಿಬ್ಬರಿಗೂ ಅವರವರ ಪಾಲಿನ 1099 ಕೊಡಬೇಕು. ಈ ಗೋಜು ಬೇಡವೆಂದರೆ ಫಾರ್ಮಿನಲ್ಲೇ ಯಾವ ಬಾಂಡಿನ ಹಣ ಯಾರಿಗೆ ಎಂದು ಬರೆದು ನೇರವಾಗಿ ಅವರ ಖಾತೆಗಳಿಗೆ ಹೋಗುವಂತೆ ಕೇಳಿ. 14 ಬಾಂಡ್ ನಾಲ್ಕು ಭಾಗಕ್ಕೆ ಸಮ ಆಗುವುದಿಲ್ಲ, 7, 4, 3 ಮಾಡಿ ವ್ಯತ್ಯಾಸವನ್ನು ತಮ್ಮನ ಇಬ್ಬರು ಮಕ್ಕಳು ತಮ್ಮಲ್ಲೇ ಸರಿಹೊಂದಿಸಿಕೊಳ್ಳಬಹುದು.

ನವಿಲುಗರಿ

ಕೌಂಟಿ ಕೋರ್ಟಿಗೆ ನಾಳೆಯೇ ಫೋನ್ ಮಾಡಿಸುತ್ತೇನೆ. ಕೊನೆಯದೊಂದು ಪ್ರಶ್ನೆ: ಒಂದು ಏಜೆನ್ಸಿ, ಶೇಕಡಾ ಇಷ್ಟು ಕಮಿಷನ್ ಕೊಟ್ಟರೆ ಎಲ್ಲಾ ನಾವೇ ಮಾಡಿಸುತ್ತೇವೆ ಅನ್ನುತ್ತಿದೆ. ಇಷ್ಟು ವರ್ಷ ಆದ್ದರಿಂದ ಹಣ ರಾಜ್ಯ ಸರ್ಕಾರಕ್ಕೆ ಹೋಗಿದೆ ಅಂತಲೂ ಹೆದರಿಸಿದರು.

ಖಜಾನೆಕೀಲಿ

ಕಮಿಷನ್ ಕೊಡಬೇಡಿ. ಫಾರ್ಮ್‌ಗಳೆಲ್ಲ ಟ್ರೆಷರಿಡೈರೆಕ್ಟ್‌ನಲ್ಲಿ ಉಚಿತ, ಟ್ರೆಷರಿ ಯಾವ ಶುಲ್ಕವನ್ನೂ ಕೇಳುವುದಿಲ್ಲ. ನಿಮಗೆ ಬೀಳುವ ಖರ್ಚು ಮರಣ ಪ್ರಮಾಣಪತ್ರದ ಪ್ರತಿಗಳದ್ದು ಮತ್ತು ಅಂಚೆಯದ್ದು, ಅಷ್ಟೇ. ಆ ಏಜೆನ್ಸಿಗೆ ಬಾಂಡಿನ ಫೋಟೋ, ಅತ್ತೆಯವರ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕಳಿಸಿಲ್ಲ ತಾನೇ? ಕಳಿಸಬೇಡಿ.

ರಾಜ್ಯ ಸರ್ಕಾರದ ಮಾತು ಪೂರ್ತಿ ಗಾಳಿಮಾತಲ್ಲ, ಆದರೆ ನಿಮಗೆ ತಟ್ಟುವುದಿಲ್ಲ. ಯಾರೂ ಕೇಳದ ಬಾಂಡ್‌ಗಳು ತಮಗೆ ಸೇರಬೇಕು ಅಂತ ಕ್ಯಾನ್ಸಸ್ ಮುಂತಾದ ರಾಜ್ಯಗಳು ಫೆಡರಲ್ ಸರ್ಕಾರದ ಮೇಲೆ ದಾವೆ ಹೂಡಿದ್ದವು. 2019ರಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ರಾಜ್ಯಗಳ ವಿರುದ್ಧ ತೀರ್ಪು ಕೊಟ್ಟಿತು. ಬಾಂಡ್ ಕಾಗದವೇ ನಿಮ್ಮ ಕೈಲಿದೆ, ಅರ್ಜಿಯನ್ನು ಟ್ರೆಷರಿಗೇ ಹಾಕಿ.